ಆರ್ಕೇಡ್ ಮಾನಿಟರ್‌ನಲ್ಲಿ ಎಮ್ಯುಲೇಟರ್ ಆಟಗಳ ರೆಸಲ್ಯೂಶನ್ ಆಯ್ಕೆ

ಆರ್ಕೇಡ್ ಮಾನಿಟರ್‌ನಲ್ಲಿ ರೆಸಲ್ಯೂಶನ್ ಆಯ್ಕೆ ಎಂಬುದು, ನಾಣ್ಯ ಹಾಕಿ ಆಡುವ ಹಳೆಯ ವಿಡಿಯೊ ಆಟಗಳನ್ನು ಎಮ್ಯುಲೇಟರ್ ಮೂಲಕ ಕಂಪ್ಯೂಟರಿನಲ್ಲಿ ನಡೆಸಿ, ಆ ಚಿತ್ರವನ್ನು ಕ್ಯಾಥೋಡ್ ಕಿರಣ ನಳಿಕೆಯುಳ್ಳ ಆರ್ಕೇಡ್ ಮಾನಿಟರ್‌ಗೆ ಕಳುಹಿಸುವಾಗ ಗೆರೆಗಳ ಸಂಖ್ಯೆ, ರಿಫ್ರೆಶ್ ದರ ಮತ್ತು ಅಗಲವನ್ನು ನಿಗದಿಪಡಿಸುವ ಕ್ರಮವಾಗಿದೆ. ರೆಸಲ್ಯೂಶನ್ ಹೆಚ್ಚಿದಷ್ಟೂ ಚಿತ್ರ ಉತ್ತಮವಾಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಅನ್ವಯಿಸುವುದಿಲ್ಲ. ಮೂಲ ಯಂತ್ರವು ನೀಡುತ್ತಿದ್ದ ಸಂಕೇತಕ್ಕೆ ಅತ್ಯಂತ ಸಮೀಪವಾದ ರೆಸಲ್ಯೂಶನ್ನೇ ಸೂಕ್ತವಾದುದು.

ಹಿನ್ನೆಲೆ

ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ಸ್ಥಿರವಾಗಿರುತ್ತದೆ. ಕ್ಯಾಥೋಡ್ ಕಿರಣ ನಳಿಕೆಯಲ್ಲಿ ಎಲೆಕ್ಟ್ರಾನ್ ಕಿರಣವು ಪರದೆಯ ಮೇಲೆ ಒಂದರ ಕೆಳಗೊಂದರಂತೆ ಗೆರೆಗಳನ್ನು ಎಳೆಯುತ್ತಾ ಚಿತ್ರವನ್ನು ಮೂಡಿಸುತ್ತದೆ. ಆದ್ದರಿಂದ ಗೆರೆಗಳನ್ನು ಎಣಿಸಬಹುದು; ಆದರೆ ಒಂದು ಗೆರೆಯ ಉದ್ದಕ್ಕೂ ಸಂಕೇತವು ಅಖಂಡವಾಗಿ ಹರಿಯುತ್ತದೆ. ಆಟಗಳ ತಯಾರಕರು ಪ್ರತಿಯೊಂದು ಫಲಕಕ್ಕೂ ತಮಗೆ ಅನುಕೂಲವಾದ ಅಳತೆಗಳನ್ನು ಆರಿಸಿಕೊಂಡಿದ್ದರಿಂದ, ಎಲ್ಲ ಆಟಗಳಿಗೂ ಒಪ್ಪುವ ಒಂದೇ ರೆಸಲ್ಯೂಶನ್ ಇಲ್ಲ. 1997ರಲ್ಲಿ ಮೊದಲು ಬಿಡುಗಡೆಯಾದ ಮೇಮ್ ಎಮ್ಯುಲೇಟರ್ ಪ್ರತಿ ಆಟದ ಮೂಲ ಅಳತೆ ಮತ್ತು ರಿಫ್ರೆಶ್ ದರವನ್ನು ತೋರಿಸುತ್ತದೆ.

ಮಾನಿಟರ್‌ಗಳ ಬಗೆಗಳು

ಒಂದು ಸೆಕೆಂಡಿನಲ್ಲಿ ಎಳೆಯುವ ಗೆರೆಗಳ ಸಂಖ್ಯೆಗೆ ಅಡ್ಡ ಆವರ್ತನ ಎಂದು ಹೆಸರು. ಅದನ್ನು ಅನುಸರಿಸಿ ಮಾನಿಟರ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ:

* ಸುಮಾರು 15 ಕಿಲೋಹರ್ಟ್ಸ್: 1980 ಮತ್ತು 1990ರ ದಶಕಗಳ ಬಹುಪಾಲು ಆಟಗಳು.
* ಸುಮಾರು 24 ಕಿಲೋಹರ್ಟ್ಸ್: ಸೆಗಾ ಮಾಡೆಲ್ 2ರಂತಹ, 496×384 ಅಳತೆಯ ಫಲಕಗಳು.
* ಸುಮಾರು 31 ಕಿಲೋಹರ್ಟ್ಸ್: ಸೆಗಾ ನಯೋಮಿಯಂತಹ, 640×480 ಅಳತೆಯ ಫಲಕಗಳು.

ಕೆಲವು ಮಾನಿಟರ್‌ಗಳು ಒಂದಕ್ಕಿಂತ ಹೆಚ್ಚು ಆವರ್ತನಗಳಿಗೆ ಹೊಂದಿಕೊಳ್ಳುತ್ತವೆ. ಆಸ್ಟರಾಯ್ಡ್ಸ್‌ನಂತಹ (1979) ವೆಕ್ಟರ್ ಆಟಗಳಲ್ಲಿ ಕಿರಣವು ಆಕೃತಿಗಳನ್ನೇ ನೇರವಾಗಿ ಬಿಡಿಸುವುದರಿಂದ ಅವುಗಳಿಗೆ ಈ ವಿಂಗಡಣೆ ಅನ್ವಯಿಸುವುದಿಲ್ಲ.

ಲೆಕ್ಕಾಚಾರ

ಒಂದು ಚಿತ್ರದ ಒಟ್ಟು ಗೆರೆಗಳನ್ನು ರಿಫ್ರೆಶ್ ದರದಿಂದ ಗುಣಿಸಿದರೆ ಅಡ್ಡ ಆವರ್ತನ ದೊರೆಯುತ್ತದೆ. ಒಟ್ಟು ಗೆರೆಗಳಲ್ಲಿ ಕಿರಣವು ಪರದೆಯ ಮೇಲ್ತುದಿಗೆ ಹಿಂದಿರುಗುವಾಗ ಕಳೆಯುವ, ಕಣ್ಣಿಗೆ ಕಾಣದ ಗೆರೆಗಳೂ ಸೇರಿರುತ್ತವೆ. ಸ್ಟ್ರೀಟ್ ಫೈಟರ್ 2 ಆಟದಲ್ಲಿ ಕಾಣುವ ಗೆರೆಗಳು 224, ಒಟ್ಟು ಗೆರೆಗಳು 262. ರಿಫ್ರೆಶ್ ದರ 59.637 ಹರ್ಟ್ಸ್ ಆಗಿರುವುದರಿಂದ ಅಡ್ಡ ಆವರ್ತನವು 15.625 ಕಿಲೋಹರ್ಟ್ಸ್ ಆಗುತ್ತದೆ. ಇನ್ನು ಕೆಲವು ಆಟಗಳ ಅಳತೆಗಳು ಹೀಗಿವೆ:

* ಪ್ಯಾಕ್-ಮ್ಯಾನ್: 288×224 (ಮಾನಿಟರ್ ಲಂಬವಾಗಿ ತಿರುಗಿರುತ್ತದೆ), 60.606 ಹರ್ಟ್ಸ್
* ನಿಯೊ ಜಿಯೊ ಆಟಗಳು: 320×224, 59.186 ಹರ್ಟ್ಸ್
* ಆರ್-ಟೈಪ್: 384×256, 55.018 ಹರ್ಟ್ಸ್
* ಮಾರ್ಟಲ್ ಕಾಂಬ್ಯಾಟ್: 400×254, 54.707 ಹರ್ಟ್ಸ್

ಆಯ್ಕೆಯ ಕ್ರಮ

ಮೊದಲ ಆದ್ಯತೆ ಗೆರೆಗಳ ಸಂಖ್ಯೆಗೆ ಸಲ್ಲುತ್ತದೆ. 224 ಗೆರೆಗಳ ಆಟವನ್ನು 240 ಗೆರೆಗಳಿಗೆ ಹಿಗ್ಗಿಸಿದರೆ ಕೆಲವು ಗೆರೆಗಳು ಎರಡೆರಡು ಬಾರಿ ಮೂಡಿ ಅಕ್ಷರಗಳೂ ಆಕೃತಿಗಳೂ ವಿಕಾರಗೊಳ್ಳುತ್ತವೆ. ಹಿಗ್ಗಿಸದೆ ಮೇಲೆ ಮತ್ತು ಕೆಳಗೆ ಎಂಟೆಂಟು ಗೆರೆಗಳನ್ನು ಕಪ್ಪಾಗಿ ಬಿಡುವುದು ಮೇಲು.

ಎರಡನೆಯದು ರಿಫ್ರೆಶ್ ದರ. ಮಾರ್ಟಲ್ ಕಾಂಬ್ಯಾಟ್ ಆಟವನ್ನು 60 ಹರ್ಟ್ಸ್‌ಗೆ ಜೋಡಿಸಿ ನಡೆಸಿದರೆ ಅದು ಶೇಕಡಾ 10ರಷ್ಟು ವೇಗವಾಗಿ ಓಡುತ್ತದೆ. ವೇಗವನ್ನು ಸರಿಯಾಗಿ ಉಳಿಸಿಕೊಂಡರೆ ಕೆಲವು ಚಿತ್ರಗಳು ಪುನರಾವರ್ತನೆಗೊಂಡು ಚಲನೆ ತಡವರಿಸುತ್ತದೆ.

ಅಗಲಕ್ಕೆ ಕೊನೆಯ ಸ್ಥಾನ. ಸಂಕೇತವು ಅಡ್ಡಲಾಗಿ ಅಖಂಡವಾಗಿರುವುದರಿಂದ 320 ಪಿಕ್ಸೆಲ್‌ಗಳಾಗಲಿ 384 ಪಿಕ್ಸೆಲ್‌ಗಳಾಗಲಿ ಪರದೆಯ ಅದೇ ಅಗಲವನ್ನು ತುಂಬಬಲ್ಲವು. ಇದೇ ಗುಣವನ್ನು ಬಳಸಿಕೊಂಡು 2560×240ರಂತಹ 'ಸೂಪರ್ ರೆಸಲ್ಯೂಶನ್'ಗಳನ್ನು ರೂಪಿಸಲಾಗಿದೆ. 320 ಪಿಕ್ಸೆಲ್‌ಗಳ ಆಟದಲ್ಲಿ ಪ್ರತಿ ಪಿಕ್ಸೆಲ್ 8 ಬಾರಿ, 256 ಪಿಕ್ಸೆಲ್‌ಗಳ ಆಟದಲ್ಲಿ 10 ಬಾರಿ ಪುನರಾವರ್ತನೆಯಾಗುತ್ತದೆ. ಮೂಲ ಆಟಗಳ ನಿಧಾನವಾದ ಪಿಕ್ಸೆಲ್ ವೇಗಕ್ಕೆ ಇಳಿಯಲಾರದ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಇದು ಪರಿಹಾರವೂ ಹೌದು. ಮೇಮ್‌ನ ರೂಪಾಂತರವಾದ ಗ್ರೂವಿಮೇಮ್, ಮಾನಿಟರ್‌ನ ಮಿತಿಗಳನ್ನು ತಿಳಿಸಿದರೆ ಪ್ರತಿ ಆಟಕ್ಕೂ ಬೇಕಾದ ಅಳತೆಯನ್ನು ತಾನೇ ಲೆಕ್ಕ ಹಾಕುತ್ತದೆ.

ಲಂಬ ಆಟಗಳ ಸಮಸ್ಯೆ

ಪ್ಯಾಕ್-ಮ್ಯಾನ್ ಆಟವನ್ನು ಅಡ್ಡ ಮಾನಿಟರ್‌ನಲ್ಲಿ ನೆಟ್ಟಗೆ ತೋರಿಸಲು 288 ಗೆರೆಗಳು ಬೇಕು. 15 ಕಿಲೋಹರ್ಟ್ಸ್ ಮಾನಿಟರ್‌ನಲ್ಲಿ 60 ಹರ್ಟ್ಸ್ ದರಕ್ಕೆ ಒಟ್ಟು 260ರಷ್ಟು ಗೆರೆಗಳಿಗೆ ಮಾತ್ರ ಅವಕಾಶವಿದೆ. ದರವನ್ನು 50 ಹರ್ಟ್ಸ್‌ಗೆ ಇಳಿಸಿದರೆ ಗೆರೆಗಳು ಹಿಡಿಸುತ್ತವೆ, ಆದರೆ ಚಲನೆ ಕೆಡುತ್ತದೆ. ಗೆರೆಗಳನ್ನು ಎರಡು ಸರದಿಯಲ್ಲಿ ಎಳೆಯುವ 640×480 ಇಂಟರ್‌ಲೇಸ್ ವಿಧಾನದಲ್ಲಿ ಚಿತ್ರ ಮಿನುಗುತ್ತದೆ. ಮಾನಿಟರನ್ನೇ ತಿರುಗಿಸಿ ಕೂರಿಸುವುದೊಂದೇ ನಷ್ಟವಿಲ್ಲದ ಮಾರ್ಗ.

ಎಚ್ಚರಿಕೆಗಳು

15 ಕಿಲೋಹರ್ಟ್ಸ್ ಮಾನಿಟರ್‌ಗೆ 31 ಕಿಲೋಹರ್ಟ್ಸ್ ಸಂಕೇತ ನೀಡಿದರೆ ಚಿತ್ರ ಹರಿದುಹೋಗುತ್ತದೆ. ಕೆಲವು ಮಾನಿಟರ್‌ಗಳ ಅಡ್ಡ ಚಾಲನೆಯ ಭಾಗಗಳು ಸುಟ್ಟುಹೋಗುವ ಸಾಧ್ಯತೆಯೂ ಇದೆ. ಸಾಮಾನ್ಯ ಕಂಪ್ಯೂಟರ್ ಆರಂಭವಾಗುವಾಗ 31 ಕಿಲೋಹರ್ಟ್ಸ್ ಸಂಕೇತವನ್ನೇ ಹೊರಸೂಸುವುದರಿಂದ, ಎಮ್ಯುಲೇಟರ್ ಸಿದ್ಧವಾದ ಬಳಿಕವಷ್ಟೇ ಮಾನಿಟರ್‌ಗೆ ವಿದ್ಯುತ್ ಕೊಡುವುದು, ಇಲ್ಲವೆ ಹೆಚ್ಚಿನ ಆವರ್ತನವನ್ನು ತಡೆಯುವ ಸಾಧನವನ್ನು ನಡುವೆ ಜೋಡಿಸುವುದು ರೂಢಿಯಲ್ಲಿದೆ. ವಿದ್ಯುತ್ ಕಡಿತಗೊಳಿಸಿದ ಮೇಲೂ ನಳಿಕೆಯಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುದಾವೇಶ ಉಳಿದಿರಬಹುದಾದ್ದರಿಂದ ಮಾನಿಟರ್‌ನ ಒಳಭಾಗವನ್ನು ತರಬೇತಿ ಇಲ್ಲದವರು ಮುಟ್ಟಬಾರದು.