ಕೋಶ: ಕೂಡಿಡುವ ಪದ, ಒಡೆಯುವ ಜೀವ

ಋಗ್ವೇದದ ಕಾಲಕ್ಕೆ ಕೋಶವೆಂದರೆ ನೀರು ಸೇದುವ, ಸೋಮರಸ ತುಂಬಿಡುವ ಪಾತ್ರೆ. ಮುಂದೆ ಅದು ಕತ್ತಿಯ ಒರೆಯಾಯಿತು, ರೇಷ್ಮೆಹುಳು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡಾಯಿತು. ರೇಷ್ಮೆವಸ್ತ್ರಕ್ಕೆ ಕೌಶೇಯ ಎಂಬ ಹೆಸರು ಬಂದದ್ದು ಆ ಗೂಡಿನಿಂದಲೇ. ಕೌಟಿಲ್ಯ ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಕೋಶವೆಂದರೆ ಬೊಕ್ಕಸ. ಪದಗಳನ್ನು ಕೂಡಿಟ್ಟರೆ ಅದೂ ಕೋಶವೇ: ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಕೊಟ್ಟ ನಿಘಂಟಿಗೆ ಎರಡನೆಯ ನಾಗವರ್ಮ ಇಟ್ಟ ಹೆಸರು ‘ಅಭಿಧಾನ ವಸ್ತುಕೋಶ’. ಇಂದಿಗೂ ಗರ್ಭಕೋಶ, ಮೂತ್ರಕೋಶ ಎನ್ನುತ್ತೇವೆ. ಸಂಘದ ಹಣ ಕೋಶಾಧ್ಯಕ್ಷರ ಕೈಯಲ್ಲಿರುತ್ತದೆ. ಎಲ್ಲ ಕಡೆಯೂ ಒಳಗೆ ಕಾಪಾಡಬೇಕಾದದ್ದೇನೋ ಇದೆ, ಹೊರಗೆ ಅದಕ್ಕೊಂದು ಹೊದಿಕೆಯಿದೆ.

ಇಂಗ್ಲಿಷಿನ ‘ಸೆಲ್’ ಬಂದ ದಾರಿ ಬೇರೆ. ಅದರ ಮೂಲ ಲ್ಯಾಟಿನ್ನಿನ ‘ಸೆಲ್ಲ’, ಎಂದರೆ ಸಣ್ಣ ಕೋಣೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಪದರವೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕಂಡ ಗೂಡುಗಳಿಗೆ ಆ ಹೆಸರು ಕೊಟ್ಟ. ಅಂಗುಲದುದ್ದಕ್ಕೆ ಸಾವಿರಕ್ಕೂ ಹೆಚ್ಚು ಗೂಡುಗಳಿದ್ದವು. ಆದರೆ ಅವೆಲ್ಲ ಸತ್ತ ಕೋಶಗಳ ಗೋಡೆಗಳು. ಒಳಗೆ ಏನೂ ಇರಲಿಲ್ಲ. ಹುಕ್ ಹೆಸರಿಟ್ಟದ್ದು ಬರಿಯ ಕೋಣೆಗೆ. ತೆಲುಗರು ಇದನ್ನು ‘ಕಣ’ ಎಂದರು, ಮರಾಠಿಯವರು ‘ಪೇಶಿ’ ಎಂದರು. ಕನ್ನಡವೂ ಮಲಯಾಳವೂ ಕೋಶವನ್ನೇ ಆರಿಸಿಕೊಂಡವು. ಒಳಗಿರುವುದನ್ನು ನೆನಪಿಸುವ ಈ ಆಯ್ಕೆಯೇ ಸರಿಯೆಂದು ನನಗೆ ತೋರುತ್ತದೆ.

ತುಂಬಿಟ್ಟುಕೊಂಡ ಕೋಶ ಒಡೆದು ಎರಡಾಗುವುದೇಕೆ? ಒಂದು ಕಾರಣ ಲೆಕ್ಕದ್ದು. ಅಂಚು 1 ಇರುವ ಘನದ ಹೊರಮೈ 6, ಗಾತ್ರ 1. ಅಂಚು 2 ಆದರೆ ಹೊರಮೈ 24, ಗಾತ್ರ 8. ಒಳಗಿನ ಬೇಡಿಕೆ ಎಂಟು ಪಟ್ಟಾದರೂ ಆಹಾರ, ಆಮ್ಲಜನಕ ಬರುವ ಹೊರಪೊರೆ ನಾಲ್ಕೇ ಪಟ್ಟು. ಹಿಗ್ಗುತ್ತಲೇ ಹೋದ ಕೋಶ ಒಳಗೊಳಗೇ ಹಸಿಯುತ್ತದೆ. ಇದೊಂದೇ ಕಾರಣವಲ್ಲ. ಫಲಿತಗೊಂಡ ಕಪ್ಪೆಮೊಟ್ಟೆ ಬೆಳೆಯದೆಯೇ ಎರಡು, ನಾಲ್ಕು, ಎಂಟಾಗುತ್ತದೆ, ಏಕೆಂದರೆ ಮೈ ಕಟ್ಟಲು ಕೋಶಗಳು ಬೇಕಾದಷ್ಟು ಬೇಕು. ಗಾಯ ಮಾಯಬೇಕಾದಾಗ ಸುತ್ತಲಿನ ಕೋಶಗಳು ಸೂಚನೆ ಪಡೆದು ಒಡೆಯುತ್ತವೆ.

ಕೋಶದಿಂದಲೇ ಕೋಶ ಹುಟ್ಟುತ್ತದೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1838-39ರಲ್ಲಿ ಕೋಶಸಿದ್ಧಾಂತ ಕಟ್ಟಿದ ಶ್ಲೈಡನ್ ಮತ್ತು ಶ್ವಾನ್ ಕೂಡ, ಹರಳುಗಟ್ಟುವ ಹಾಗೆ ದ್ರವದಿಂದ ಹೊಸ ಕೋಶಗಳು ಮೂಡುತ್ತವೆಂದು ನಂಬಿದ್ದರು. ಅದು ಹಾಗಲ್ಲವೆಂದು ಕೋಳಿಯ ಭ್ರೂಣಗಳನ್ನು ನೋಡಿ ತೋರಿಸಿದವನು ರಾಬರ್ಟ್ ರೆಮಾಕ್. ಆದರೆ ಕೋಶದಿಂದಲೇ ಕೋಶ ಎಂಬ ಮಾತಿನೊಂದಿಗೆ ಜನ ನೆನೆಯುವುದು 1850ರ ದಶಕದಲ್ಲಿ ಅದನ್ನು ಸಾರಿದ ರುಡಾಲ್ಫ್ ವಿರ್ಕೋನನ್ನು. ಮೊದಲ ಹೆಸರು ರೆಮಾಕನದೇ ಆಗಬೇಕಿತ್ತು.

1882ರಲ್ಲಿ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳಲ್ಲಿ ಬಣ್ಣ ಹೀರಿದ ಎಳೆಗಳು ಬೇರ್ಪಡುವುದನ್ನು ಕಂಡು ಈ ಕ್ರಿಯೆಗೆ ‘ಮೈಟಾಸಿಸ್’ ಎಂದ; ಗ್ರೀಕಿನಲ್ಲಿ ‘ಮಿಟೋಸ್’ ಎಂದರೆ ದಾರ. 1888ರಲ್ಲಿ ವಾಲ್ಡೆಯರ್ ಆ ಎಳೆಗಳಿಗೆ ‘ಕ್ರೋಮೋಸೋಮ್’ ಎಂದು ಹೆಸರಿಟ್ಟ. ಅದರ ಅರ್ಥ ಬಣ್ಣದ ಕಾಯ. ಕನ್ನಡ ಅದನ್ನು ವರ್ಣತಂತು ಎಂದು ಕರೆಯಿತು. ವಾಲ್ಡೆಯರನ ಬಣ್ಣ ಉಳಿಯಿತು, ಫ್ಲೆಮಿಂಗನ ದಾರ ಮರಳಿ ಬಂದಿತು.

ಕೋಶ ಒಡೆಯುವುದನ್ನು ಕೋಶವಿಭಜನೆ ಎನ್ನುತ್ತೇವೆ; ಅದರಲ್ಲಿನ ‘ವಿಭಜನೆ’ ಎಂಬ ಪದ ಮಾತ್ರ ದಾರಿ ತಪ್ಪಿಸುತ್ತದೆ. ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಂಡರೆ ಇಬ್ಬರ ಪಾಲೂ ಮೊದಲಿದ್ದುದಕ್ಕಿಂತ ಚಿಕ್ಕದು. ಕೋಶ ಹಾಗಲ್ಲ: ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಂಡು, ಆಮೇಲೆ ಎರಡಾಗುತ್ತದೆ. ಮನುಷ್ಯನ ಮೈಕೋಶದಿಂದ ಹುಟ್ಟಿದ ಎರಡು ಮರಿಕೋಶಗಳಿಗೂ ತಲಾ 46 ವರ್ಣತಂತು, ಪೂರ್ಣ ಬೊಕ್ಕಸ. ಇದಕ್ಕೆ ನಮ್ಮ ಹೊಲದ ಮಾತು ಚೆನ್ನಾಗಿ ಒಪ್ಪುತ್ತದೆ. ಬೀಜ ಮೊಳಕೆಯೊಡೆಯುತ್ತದೆ, ಭತ್ತ ತೆಂಡೆಯೊಡೆಯುತ್ತದೆ, ಗಿಡ ಕವಲೊಡೆಯುತ್ತದೆ. ಅಲ್ಲಿ ಒಡೆಯುವುದೆಂದರೆ ಹೆಚ್ಚುವುದು, ಮತ್ತು ಆ ಹೆಚ್ಚುವಿಕೆಯ ಹಿಂದೆ ನಡೆಯುವುದು ಕೋಶಗಳ ಒಡೆಯುವಿಕೆಯೇ.

ಒಡೆಯಲಾರದ ಕೋಶವೂ ಉಂಟು. ಕೆಂಪು ರಕ್ತಕಣವನ್ನು ನಾವು ಕೋಶವೆನ್ನದೆ ಕಣವೆನ್ನುತ್ತೇವೆ. ಬಿಳಿಯದಕ್ಕೆ ಆ ಹೆಸರು ಅಷ್ಟು ಹೊಂದದು. ಕೆಂಪಿನದಕ್ಕೆ ಸರಿಯಾಗಿ ಹೊಂದುತ್ತದೆ. ಬಲಿಯುವಾಗಲೇ ಅದು ತನ್ನ ಕೋಶಕೇಂದ್ರವನ್ನು ಹೊರಹಾಕಿರುತ್ತದೆ, ನಕಲು ಮಾಡಲು ಅದರಲ್ಲಿ ವರ್ಣತಂತುಗಳಿಲ್ಲ, ಅದು ಒಡೆದು ಎರಡಾಗಲಾರದು. ಸುಮಾರು 120 ದಿನ ದುಡಿದು ಸಾಯುತ್ತದೆ. ಆ ಜಾಗ ತುಂಬಲು ಮೂಳೆಮಜ್ಜೆಯ ತಾಯಿಕೋಶಗಳು ಒಡೆಯುತ್ತಲೇ ಇರುತ್ತವೆ. ಅವುಗಳಿಂದ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ನೆತ್ತರಿಗಿಳಿಯುತ್ತವೆ.