ಸ್ಫಟಿಕ: ನೈಸರ್ಗಿಕ, ಕೃತಕ ಮತ್ತು ಗಾಜು

ಜಪಮಾಲೆ ಮತ್ತು ಜಿನಬಿಂಬಗಳಿಗೆ ಬಳಸುವ ಸ್ಫಟಿಕವು ಕ್ವಾರ್ಟ್ಜ್ ಎಂಬ ಖನಿಜದ ಬಣ್ಣವಿಲ್ಲದ, ಪಾರದರ್ಶಕ ರೂಪ. ಇದು ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಸಿಲಿಕಾ. ಸಾಮಾನ್ಯ ಮರಳಿನ ಹೆಚ್ಚಿನ ಕಣಗಳೂ ಇದೇ ವಸ್ತು.

ಮುಖ್ಯ ಗುಣಗಳು

ಮೋಸ್ ಮಾಪಕದಲ್ಲಿ ಸ್ಫಟಿಕದ ಗಡಸುತನ 7. ಸಾಪೇಕ್ಷ ಸಾಂದ್ರತೆ 2.65. ಬೆಳಕಿನ ವಕ್ರೀಭವನ ಸೂಚ್ಯಂಕ 1.544 ರಿಂದ 1.553. ಒಳಹೊಕ್ಕ ಬೆಳಕು ಎರಡು ಕಿರಣಗಳಾಗಿ ಒಡೆಯುವುದರಿಂದ ಎರಡು ಅಂಕಿಗಳು. ನೈಸರ್ಗಿಕ ಹರಳು ಆರು ಮುಖಗಳ ಕಂಬದಂತೆ ಬೆಳೆದು ಮೊನಚಾಗಿ ಮುಗಿಯುತ್ತದೆ. ಕಬ್ಬಿಣದ ಅಂಶ ಸೇರಿ ವಿಕಿರಣಕ್ಕೆ ಒಳಗಾದರೆ ನೇರಳೆ ಬಣ್ಣದ ಅಮೆಥಿಸ್ಟ್ ಆಗುತ್ತದೆ.

ಒತ್ತಿದಾಗ ಇದರಲ್ಲಿ ವಿದ್ಯುತ್ ಹುಟ್ಟುತ್ತದೆ. ಈ ಬಗೆಯ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ತೋರಿಸಿದರು. ಕೈಗಡಿಯಾರದೊಳಗಿನ ಕ್ವಾರ್ಟ್ಜ್ ತುಣುಕು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲ ಅಳೆಯುವುದು ಇದರಿಂದಲೇ.

ಕೃತಕ ಸ್ಫಟಿಕ

ದಪ್ಪ ಉಕ್ಕಿನ ಪಾತ್ರೆಯಲ್ಲಿ ಕ್ವಾರ್ಟ್ಜ್ ಚೂರುಗಳನ್ನು ಕ್ಷಾರಯುಕ್ತ ನೀರಿನೊಂದಿಗೆ ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ, ಭಾರೀ ಒತ್ತಡದಲ್ಲಿ ಕಾಯಿಸುತ್ತಾರೆ. ಕರಗಿದ ಸಿಲಿಕಾ ಮೇಲೆ ತೂಗುಬಿಟ್ಟ ಬೀಜದ ಹರಳಿನ ಮೇಲೆ ವಾರಗಟ್ಟಲೆ ನಿಧಾನವಾಗಿ ಕೂರುತ್ತದೆ. ಹೀಗೆ ಬೆಳೆದದ್ದು ನಕಲಿ ವಸ್ತುವಲ್ಲ. ಮೇಲೆ ಹೇಳಿದ ಗಡಸುತನ, ಸಾಂದ್ರತೆ ಎಲ್ಲವೂ ಅದಕ್ಕೂ ಇವೆ. ಹುಟ್ಟಿದ ಸ್ಥಳ ಮಾತ್ರ ಬೇರೆ. ಆದ್ದರಿಂದ ಇವೆರಡನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ರತ್ನ ಪರೀಕ್ಷಾಲಯವೇ ಹೇಳಬೇಕು.

ಗಾಜನ್ನು ಗುರುತಿಸುವುದು

ಮಾರುಕಟ್ಟೆಯಲ್ಲಿ 'ಕ್ರಿಸ್ಟಲ್' ಎಂದು ಮಾರುವುದು ಅನೇಕ ಬಾರಿ ಸೀಸ ಬೆರೆತ ಗಾಜು. ಗಾಜಿನಲ್ಲಿ ಪರಮಾಣುಗಳ ಕ್ರಮಬದ್ಧ ಜೋಡಣೆ ಇಲ್ಲ, ಹಾಗಾಗಿ ಅದು ಹರಳೇ ಅಲ್ಲ.

• ಒಳಗೆ ದುಂಡನೆಯ ಗುಳ್ಳೆಗಳಿದ್ದರೆ ಗಾಜಿನ ಶಂಕೆ ಬಲವಾಗುತ್ತದೆ.
• ಸ್ಫಟಿಕ ಮುಟ್ಟಿದಾಗ ಗಾಜಿಗಿಂತ ತಣ್ಣಗಿರುತ್ತದೆ.
• ದೊಡ್ಡ ಸ್ಫಟಿಕ ಗೋಳವನ್ನು ಕೂದಲೆಳೆಯ ಮೇಲಿಟ್ಟು ತಿರುಗಿಸುತ್ತಾ ನೋಡಿದರೆ ಕೆಲವು ದಿಕ್ಕುಗಳಲ್ಲಿ ಎಳೆ ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಒಂದೇ.
• 265 ಗ್ರಾಂ ಸ್ಫಟಿಕ ನೀರಿನಲ್ಲಿ ಮುಳುಗಿದಾಗ 100 ಗ್ರಾಂ ತೂಕ ಕಳೆದುಕೊಳ್ಳುತ್ತದೆ.

ಗೀರಿ ನೋಡುವ ಪರೀಕ್ಷೆ ಬೇಡ. ಬಿಂಬ ಗಾಜಿನದ್ದಾಗಿದ್ದರೆ ಕಲೆ ಶಾಶ್ವತವಾಗಿ ಉಳಿಯುತ್ತದೆ.

ಜೋಪಾನ

ಸ್ಫಟಿಕ ಗಡಸು, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಬಿಸಿಯಿಂದ ತಣ್ಣಗೆ ಹಠಾತ್ ಬದಲಾದರೆ ಬಿರುಕು ಬಿಡಬಹುದು. ಅಭಿಷೇಕಕ್ಕೆ ಬಿಸಿ ಜಲ ಬಳಸಿ ಕೂಡಲೇ ತಣ್ಣೀರು ಸುರಿಯಬಾರದು. ಉರಿಯುವ ದೀಪದ ತೀರ ಹತ್ತಿರವೂ ಇಡಬಾರದು. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.