ಹೈದರಾಬಾದಿನ ಕ್ಲೋರೋಫಾರ್ಮ್ ಆಯೋಗಗಳು: ಔಷಧ ಸುರಕ್ಷತೆಯ ಪೂರ್ವೇತಿಹಾಸ

ಬಸವಕಲ್ಯಾಣ ಹಾಗೂ ಹುಮನಾಬಾದುಗಳ ಇತಿಹಾಸವೆಂದೊಡನೆ ಚಾಲುಕ್ಯರ ರಾಜಧಾನಿಯೂ, ಹನ್ನೆರಡನೆಯ ಶತಮಾನದ ಶರಣರೂ, ಮಾಣಿಕಪ್ರಭುಗಳ ಸಂಸ್ಥಾನವೂ ನೆನಪಿಗೆ ಬರುವುದು ಸಹಜ. ಆದರೆ ಈ ಎರಡು ಪಟ್ಟಣಗಳೂ 1956ನೆಯ ಇಸವಿ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ಆದುದರಿಂದ ಆ ರಾಜಧಾನಿಯ ವೈದ್ಯಕೀಯ ಪ್ರಯತ್ನಗಳು ಇಲ್ಲಿನ ಚರಿತ್ರೆಗೂ ಸಂಬಂಧಪಟ್ಟವುಗಳೇ ಆಗಿವೆ. ಇಂದಿಗೂ ಈ ಭಾಗದ ವಿಜ್ಞಾನ ಪದವೀಧರರು ಉದ್ಯೋಗಾರ್ಥಿಗಳಾಗಿ ಹೈದರಾಬಾದಿನ ಔಷಧೋದ್ಯಮದತ್ತ ಹೋಗುವುದುಂಟು.

ಆ ಉದ್ಯಮದಲ್ಲಿ ಔಷಧ ಸುರಕ್ಷತಾ ನಿಗಾವಣೆಯ ಯೋಜನಾ ನಿರ್ವಾಹಕ ಎಂಬುದೊಂದು ವೃತ್ತಿ. ಔಷಧಗಳಿಂದ ರೋಗಿಗಳಿಗೆ ಒದಗಿದ ಕೆಡುಕುಗಳ ವರದಿಗಳನ್ನು ಬರಮಾಡಿಕೊಂಡು, ಅವನ್ನು ಪರಿಶೀಲಕರಿಗೂ ವೈದ್ಯರಿಗೂ ಹಂಚಿಕೊಟ್ಟು, ಗಂಭೀರವೂ ಅನಿರೀಕ್ಷಿತವೂ ಆದ ಪ್ರಕರಣಗಳನ್ನು 15 ದಿನಗಳೊಳಗಾಗಿ ಸರ್ಕಾರಕ್ಕೆ ತಲುಪಿಸುವಂತೆ ನೋಡಿಕೊಳ್ಳುವುದು ಅವನ ಹೊಣೆ. ವೆಚ್ಚ, ಅವಧಿ, ಸಿಬ್ಬಂದಿ ಈ ಮೂರನ್ನೂ ಅವನು ಹದದಲ್ಲಿಡಬೇಕು. ಇಂತಹ ನಿರ್ವಹಣೆಯೊಂದರಿಂದಲೇ ಸತ್ಯವು ದೊರೆಯುವುದೇ? ಈ ಪ್ರಶ್ನೆಗೆ 1888 ಮತ್ತು 1889ರ ಹೈದರಾಬಾದು ಆಯೋಗಗಳು ಉತ್ತಮ ನಿದರ್ಶನವನ್ನು ಒದಗಿಸುತ್ತವೆ.

ಕ್ಲೋರೋಫಾರ್ಮು 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ನನಿಂದ ಅರಿವಳಿಕೆಯಾಗಿ ಬಳಕೆಗೆ ಬಂದಿತು. ಮರುವರ್ಷದ ಜನವರಿಯಲ್ಲಿಯೇ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಬಾಲಿಕೆಯು, ಕಾಲ್ಬೆರಳಿನ ಉಗುರು ತೆಗೆಯುವ ಅಲ್ಪ ಶಸ್ತ್ರಕ್ರಿಯೆಯ ವೇಳೆ ಅದರಿಂದ ಮೃತಪಟ್ಟಳು. ಅಂದಿನಿಂದ ವಾದವೊಂದು ಹುಟ್ಟಿಕೊಂಡಿತು. ಮರಣವು ಮೊದಲು ಉಸಿರು ನಿಂತು ಬರುವುದೋ, ಹೃದಯ ನಿಂತು ಬರುವುದೋ? ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಅರಿವಳಿಕೆ ಕೊಡುವವನು ಎದೆಯ ಏರಿಳಿತವನ್ನು ಮಾತ್ರ ನೋಡಬೇಕೋ, ನಾಡಿಯನ್ನೂ ಹಿಡಿದಿರಬೇಕೋ ಎಂಬುದರ ಮೇಲೆ ರೋಗಿಯ ಪ್ರಾಣವು ನಿಂತಿತ್ತು.

ಹೈದರಾಬಾದಿನ ರೆಸಿಡೆನ್ಸಿ ವೈದ್ಯನೂ ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಆಗಿದ್ದ ಎಡ್ವರ್ಡ್ ಲಾರಿಯು ಎಡಿನ್‌ಬರೋ ಸಂಪ್ರದಾಯದವನು. ಉಸಿರನ್ನು ಗಮನಿಸಿದರೆ ಸಾಕೆಂಬುದು ಅವನ ದೃಢನಂಬಿಕೆ. 1888ರ ಮೊದಲನೆಯ ಆಯೋಗವು ನಾಯಿಗಳ ಮೇಲೆ ಪ್ರಯೋಗ ನಡೆಸಿ ಇದನ್ನೇ ಸಮರ್ಥಿಸಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು ಇದನ್ನು ಸಂಶಯಿಸಿದಾಗ, ನಿಜಾಮ ಮೀರ್ ಮಹಬೂಬ್ ಅಲಿ ಖಾನರು 1000 ಪೌಂಡುಗಳನ್ನು ಕೊಟ್ಟು, ಪತ್ರಿಕೆಯ ಪ್ರತಿನಿಧಿಯೊಬ್ಬನು ಬಂದು ಪರೀಕ್ಷಿಸಲೆಂದರು. ಅದರಂತೆ ಔಷಧಶಾಸ್ತ್ರಜ್ಞ ಲಾಡರ್ ಬ್ರಂಟನ್ 1889ರಲ್ಲಿ ಆಗಮಿಸಿದನು. ಆ ವರ್ಷದ ಕೊನೆಯ ಕೆಲವೇ ತಿಂಗಳುಗಳಲ್ಲಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದು, ಅವುಗಳ ಉಸಿರಾಟ ಹಾಗೂ ರಕ್ತದ ಒತ್ತಡಗಳು ಯಂತ್ರದಿಂದ ರೇಖಾರೂಪದಲ್ಲಿ ದಾಖಲಾದುವು. ಧನ, ಅವಧಿ, ಉಪಕರಣ, ಪ್ರಕಟಣೆ ಇವೆಲ್ಲವೂ ಸುವ್ಯವಸ್ಥಿತವಾಗಿದ್ದುವು. ಲಾರಿಯ ಮತವೇ ಗೆದ್ದಿತು.

ಆದರೆ ಆ ತೀರ್ಮಾನವು ನಿಲ್ಲಲಿಲ್ಲ. ಮಿತಿಮೀರಿದ ಪ್ರಮಾಣದಲ್ಲಿ ಕ್ಲೋರೋಫಾರ್ಮ್ ಸೇವಿಸಿದ ಪ್ರಾಣಿಯಲ್ಲಿ ಉಸಿರು ಮೊದಲು ನಿಲ್ಲುವುದು ನಿಜವೇ. ಆದರೆ ಆಸ್ಪತ್ರೆಗಳಲ್ಲಿ ಅನೇಕ ರೋಗಿಗಳು ಅರಿವಳಿಕೆಯ ಆರಂಭದಲ್ಲಿಯೇ, ಅಲ್ಪ ಪ್ರಮಾಣದಿಂದಲೇ, ಹಠಾತ್ತನೆ ಸಾಯುತ್ತಿದ್ದರು. ‘ಲ್ಯಾನ್ಸೆಟ್’ ಪತ್ರಿಕೆಯೇ ಆಸ್ಪತ್ರೆಗಳಿಂದ ಮರಣಪ್ರಕರಣಗಳನ್ನು ಸಂಗ್ರಹಿಸಿ 1893ರಲ್ಲಿ ಪ್ರಕಟಿಸಿದ ವರದಿಯು ಹೈದರಾಬಾದಿನ ತೀರ್ಮಾನಕ್ಕೆ ಹೊಂದಲಿಲ್ಲ. ಕೊನೆಗೆ 1911ರಲ್ಲಿ ಗುಡ್‌ಮನ್ ಲೆವಿಯು, ಲಘುವಾದ ಅರಿವಳಿಕೆಯಲ್ಲಿ ಹೃದಯವು ಲಯತಪ್ಪಿ ನಡುಗಿ ನಿಲ್ಲಬಹುದೆಂದು ಬೆಕ್ಕುಗಳ ಮೇಲಣ ಪ್ರಯೋಗದಿಂದ ತೋರಿಸಿಕೊಟ್ಟನು.

ಲಾರಿಯು ಕಾರ್ಯದಕ್ಷತೆಯಲ್ಲಿ ಸೋತವನಲ್ಲ. ಚದುರಿಹೋದ ರೋಗಿವೃತ್ತಾಂತಗಳಿಗೆ ಸಲ್ಲಬೇಕಾದ ಬೆಲೆಯನ್ನು ಅವನು ಸಲ್ಲಿಸಲಿಲ್ಲ. ಇಂದಿನ ಔಷಧ ನಿಗಾವಣೆಯು ಇಂತಹ ವೃತ್ತಾಂತಗಳ ಮೇಲೆಯೇ ನಿಂತಿದೆ. 1961ರ ಥ್ಯಾಲಿಡೋಮೈಡ್ ದುರಂತವು ಬಯಲಿಗೆ ಬಂದುದು ಹುಟ್ಟಿದ ಶಿಶುಗಳ ಅಂಗವಿಕಲತೆಯನ್ನು ಗಮನಿಸಿದ ವೈದ್ಯರ ಎಚ್ಚರಿಕೆಯಿಂದ. ಅದರ ಪರಿಣಾಮವಾಗಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ನಿಗಾವಣೆಯು 1968ರಲ್ಲಿಯೂ, ಭಾರತದ ಈಗಿನ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿಯೂ ಆರಂಭವಾದುವು. ಗಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು 2011ರಿಂದ ಇದನ್ನು ನಡೆಸುತ್ತಿದೆ. ರೋಗಿಯೇ ಬರೆದು ಕಳುಹಿಸಬಹುದಾದ ನಮೂನೆಯು ಕನ್ನಡದಲ್ಲಿಯೂ ಉಂಟು.

ನಿಜಾಮರ ಕಾಲದಲ್ಲಿ ಆಯೋಗದ ವರದಿ ಇಂಗ್ಲಿಷಿನಲ್ಲಿತ್ತು, ಆಡಳಿತ ಉರ್ದುವಿನಲ್ಲಿತ್ತು; ಕಲ್ಯಾಣದ ಕನ್ನಡ ರೋಗಿಯ ಮಾತು ಅಲ್ಲಿಗೆ ತಲುಪುವುದು ದುಸ್ತರವಾಗಿತ್ತು. ಈಗ ಆ ಅಡ್ಡಿಯು ಬಹುಮಟ್ಟಿಗೆ ಕಡಿಮೆಯಾಗಿದೆ. ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ದಾದಿಯು ರೋಗಿಯ ಮೈಮೇಲಿನ ದದ್ದನ್ನು ಕಂಡು ಬರೆದಿಡದೆ ಹೋದರೆ, ದೂರದ ನಿರ್ವಾಹಕನು ಎಷ್ಟು ಸಮರ್ಥನಾದರೂ ತನ್ನಲ್ಲಿಗೆ ಬಾರದ ಪ್ರಕರಣವನ್ನು ಪರಿಶೀಲಿಸಲಾರನು. ಈ ವೃತ್ತಿಯನ್ನರಸಿ ಹೊರಡುವ ನಮ್ಮ ವಿದ್ಯಾರ್ಥಿಗಳು ಕಾಲಪಾಲನೆಯ ಜೊತೆಗೆ, ಒಪ್ಪಿತವಾದ ಸಿದ್ಧಾಂತಕ್ಕೆ ಹೊಂದದ ಒಂದು ವರದಿಯನ್ನೂ ತಳ್ಳಿಹಾಕದಿರುವ ವಿವೇಕವನ್ನು ಕಲಿಯಬೇಕಾಗಿದೆ.